ನಿದ್ದೆಗಣ್ಣಿನ ಗಾಂಧಾರ

ಅವತ್ತು ಬೆಳಿಗ್ಗೆ ಚಟ್ನಿಯನ್ನು ಮಾಮೂಲಿಗಿಂತ ಮೊದಲೇ ರುಬ್ಬಿಕೊಂಡೆ. ಗೇಟಿಗೆ ನೇತುಹಾಕಿದ್ದ ಬಟ್ಟೆ ಚೀಲದಿಂದ ಹಾಲಿನ ಪ್ಯಾಕೆಟ್ ತಂದು ಒಲೆಯ ಮೇಲಿಟ್ಟು, ಫಿಲ್ಟರಿನ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟು ಡಿಕಾಕ್ಷನ್ ಇಳಿಯುತ್ತಿದೆಯೋ ಇಲ್ಲವೋ ನೋಡಿ, ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆದು ಬಂದೆ. ಪುಷ್ಯದ ಚಳಿ. ನಮ್ಮ ರಾಜಾಜಿನಗರದ ರಸ್ತೆಯಲ್ಲಿ ಆ ಹೊತ್ತಿಗೆ ಮಂಜು ಇನ್ನೂ ಕರೆಂಟ್ ತಂತಿಗಳ ಎತ್ತರದಲ್ಲೇ ನಿಂತಿರುತ್ತದೆ. ಎದುರು ಮನೆಯ ನಲ್ಲಿಯಿಂದ ಕೊಡಕ್ಕೆ ಬೀಳುವ ನೀರಿನ ಸದ್ದು ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತದೆ. ನೆನೆಹಾಕಿದ್ದ ಅವರೆಕಾಳು ಪಾತ್ರೆಯಲ್ಲಿ ಉಬ್ಬಿಕೊಂಡು, ಹಿತುಕಿಸಿಕೊಳ್ಳಲು ತಯಾರಾಗಿ ಕೂತಿತ್ತು. ಮಿಕ್ಸಿಯ ಕೆಲಸವನ್ನೆಲ್ಲ ಮುಗಿಸಿ, ಅದರ ವೈರು ಸುತ್ತಿ, ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದೆ.

"ಇಷ್ಟು ಬೇಗ ಯಾಕೆ ರುಬ್ಬಿದೆ?" ಎಂದರು ನಮ್ಮನೆಯವರು, ಪೇಪರಿನ ಹಿಂದಿನಿಂದ.

"ಅವರು ಬರ್ತಾರಲ್ಲ ಇವತ್ತು. ಅವರ ಮುಂದೆ ಮಿಕ್ಸಿ ಹಾಕೋ ಹಾಗಿಲ್ಲ."

"ಇವತ್ತು ಬರ್ತೀನಿ ಅಂದ್ರೆ ಇವತ್ತೇ ಬರ್ತಾರೆ ಅಂತ ನಿನಗ್ಯಾರು ಹೇಳಿದ್ದು?"

ಅದೂ ನಿಜವೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಹೇಳಿದ ದಿನ ಬಂದದ್ದನ್ನು ಕಂಡಿರಲಿಲ್ಲ. ಸೋಮವಾರ ಎಂದರೆ ಸೋಮವಾರ ಒಂದನ್ನು ಬಿಟ್ಟು ಬೇರೆ ಯಾವತ್ತಾದರೂ ಬರುತ್ತಾರೆ ಎಂದು ಅರ್ಥ. ಆದರೆ ಅವತ್ತು ಮಾತ್ರ ಬಂದರು.

ಅವತ್ತು ಹಾಗೆ ಬಂದುಹೋದವರ ಮಗಳು ಮೊನ್ನೆ ಚಂದ್ರಾ ಲೇಔಟಿನಿಂದ ಫೋನ್ ಮಾಡಿದ್ದಳು. "ಆಂಟಿ, ಅಪ್ಪ ಹೋಗಿಬಿಟ್ರು. ಮಧ್ಯಾಹ್ನ ಊಟ ಮಾಡಿ ಮಲಗಿದ್ದೋರು ಏಳಲೇ ಇಲ್ಲ" ಎಂದಳು. ಅವಳ ದನಿಯಲ್ಲಿ ಅಳುವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಫೋನಿಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಅವರು ನಮ್ಮ ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದ ಎರಡು ಹತ್ತಿಯ ಉಂಡೆಗಳು.

ಅವರು ವೀಣೆ ಮಾಡುತ್ತಿದ್ದರು, ರಿಪೇರಿಯನ್ನೂ ಮಾಡುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ. ವೀಣೆಯ ಕತ್ತಿನ ಉದ್ದಕ್ಕೂ ಕರಿಯ ಮೇಣದ ಎರಡು ಸಾಲುಗಳಿರುತ್ತವೆ. ಅವುಗಳ ಮೇಲೆ ಕಂಚಿನ ಸಣ್ಣ ಪಟ್ಟಿಗಳನ್ನು ಅಡ್ಡಡ್ಡ ಕೂರಿಸಿರುತ್ತಾರೆ. ಅವಕ್ಕೆ ಮೆಟ್ಟಿಲು ಎನ್ನುತ್ತಾರೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ. ಮೇಣ ಹಳೆಯದಾದಂತೆ ಬಿರುಕು ಬಿಡುತ್ತದೆ, ಮೆಟ್ಟಿಲು ಕೂದಲೆಳೆಯಷ್ಟು ಜರುಗುತ್ತದೆ, ಸ್ವರ ತಪ್ಪುತ್ತದೆ. ಆಗ ಹಳೆಯ ಮೇಣವನ್ನು ಕೆರೆದು ತೆಗೆದು, ಹೊಸ ಮೇಣ ಹಚ್ಚಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಕೇಳಿ ಕೇಳಿ ಮತ್ತೆ ಕೂರಿಸಬೇಕು. ಮೇಳ ಕಟ್ಟುವುದು ಎಂದರೆ ಇದೇ. ನಮ್ಮತ್ತೆಯ ವೀಣೆಗೆ ಮೇಳ ಕಟ್ಟುತ್ತಿದ್ದವರು ಅವರೊಬ್ಬರೇ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ಸೈಕಲ್ಲಿನಲ್ಲಿ ಬಿನ್ನಿಪೇಟೆಯಿಂದ ಬರುತ್ತಿದ್ದರು. ಬಿಳಿಯ ತುಂಬುತೋಳಿನ ಅಂಗಿ, ಮೊಣಕೈಗೆ ನೀಟಾಗಿ ಮಡಚಿದ್ದು. ಜೇಬಿನಲ್ಲಿ ಬಾಚಣಿಗೆ. ಮೀಸೆಗೆ ಗಾಢವಾದ ಕಪ್ಪು. ಬೆರಳಿಗೆ ಅಂಟಿದ ಮೇಣವೂ ಅದೇ ಕಪ್ಪಾದ್ದರಿಂದ ಒಮ್ಮೆ ನಮ್ಮತ್ತೆ, "ಎರಡಕ್ಕೂ ಒಂದೇ ಡಬ್ಬಿನೇನಪ್ಪಾ?" ಎಂದು ಕೇಳಿದ್ದರು. ಅವರು ನಗಲಿಲ್ಲ. "ಮೀಸೆದು ಕಂಪನಿ ಮಾಲು ಅಮ್ಮಾವ್ರೇ. ವೀಣೆದೇ ನನ್ನ ಕೈಯಾರೆ ಮಾಡಿದ್ದು. ಯಾವ್ದು ಜಾಸ್ತಿ ದಿನ ಬರತ್ತೆ ನೀವೇ ಹೇಳಿ" ಎಂದರು.

ಕಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ಮೊದಲು ಅವರು ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಡಗಿಯಾಗಿದ್ದರಂತೆ. ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ತುಟಿ ನೋಡಿಕೊಂಡು ಮಾತಾಡುತ್ತಿದ್ದೆವು ಎನ್ನುತ್ತಿದ್ದರು. ಅಲ್ಲಿ ಶುರುವಾದ ಹತ್ತಿಯ ಅಭ್ಯಾಸ ಮಿಲ್ಲು ಮುಚ್ಚಿದ ಮೇಲೂ ಬಿಡಲಿಲ್ಲ. ರಸ್ತೆಯುದ್ದಕ್ಕೂ ಕಿವಿ ಮುಚ್ಚಿಕೊಂಡೇ ಬಂದು, ನಮ್ಮ ಗೇಟು ದಾಟಿದ ಮೇಲೆ ಎರಡೂ ಉಂಡೆಗಳನ್ನು ತೆಗೆದು, ಕಾಂಪೌಂಡ್ ಗೋಡೆಯ ಮೇಲಿಟ್ಟು, ಹಾರಿಹೋಗದಂತೆ ಒಂದು ಕಲ್ಲು ಹೇರುತ್ತಿದ್ದರು. ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕಾಯುತ್ತೇವಲ್ಲ, ಹಾಗೆ ಅವರ ಕಿವಿ ನಮ್ಮ ಮನೆಗೆ ಹೊಂದಿಕೊಳ್ಳಲು ಕಾಯುತ್ತಿತ್ತು. ಆಮೇಲೆ ಬೆಲ್ಲು ಒತ್ತದೆ, ಬೆರಳ ಗೆಣ್ಣಿನಿಂದ ಬಾಗಿಲನ್ನು ಎರಡು ಕಡೆ ತಟ್ಟುತ್ತಿದ್ದರು. "ತೇಗ ಅಂತ ಯಾರೋ ದೊಡ್ಡಯ್ಯನವ್ರಿಗೆ ಟೋಪಿ ಹಾಕವ್ರೆ" ಎಂದು ಪ್ರತಿ ಸಲವೂ, ಅದೇ ಮೊದಲ ಸಲ ಕಂಡುಹಿಡಿದವರಂತೆ ಹೇಳಿ ಒಳಗೆ ಬರುತ್ತಿದ್ದರು. ದೊಡ್ಡಯ್ಯ ಎಂದರೆ ನಮ್ಮ ಮಾವನವರು. ಅವರು ತೀರಿಹೋದ ಮೇಲೂ ಆ ಮಾತು ನಿಲ್ಲಲಿಲ್ಲ.

ನಾನು ಮೊದಲ ವರ್ಷ ಮಾಡಿದ ಎಡವಟ್ಟನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಅವರ ರೆಕ್ಸಿನ್ ಚೀಲದಲ್ಲಿ ಒಂದು ಅಲ್ಯೂಮಿನಿಯಂ ಟಿಫಿನ್ ಡಬ್ಬಿ ಇತ್ತು. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ಮುಚ್ಚಳ ತೆಗೆದರೆ ಒಳಗೆ ಕಪ್ಪಗೆ, ಮಿರಮಿರ ಮಿನುಗುವ ಉಂಡೆಗಳು. ಎಳ್ಳುಂಡೆ, ಪಾಕ ಸ್ವಲ್ಪ ಹೊತ್ತಿದೆ ಪಾಪ ಎಂದುಕೊಂಡು, ಸೆಖೆಗೆ ಮೆತ್ತಗಾಗದಿರಲಿ ಎಂದು ಫ್ರಿಜ್ಜಿನಲ್ಲಿಟ್ಟೆ. ಅವರು ಬಂದು ಹುಡುಕಿ, ನಾನು ತಣ್ಣನೆಯ ಡಬ್ಬಿಯನ್ನು ಕೈಗೆ ಕೊಟ್ಟಾಗ, ಅದನ್ನು ಎದೆಗವಚಿಕೊಂಡು, "ತಾಯಿ, ಮೇಣಕ್ಕೆ ನೆಗಡಿ ಹಿಡಿಸಿಬಿಟ್ರಲ್ಲ" ಎಂದರು. ಅದು ಬಿಸಿಲಲ್ಲಿ ಕೂತು ಹದಕ್ಕೆ ಬರುವವರೆಗೂ ಕೆಲಸ ನಿಂತಿತು. ನಮ್ಮತ್ತೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಕಾನ್ವೆಂಟ್ ಹುಡುಗಿ ಕಣಪ್ಪಾ, ಬಿಟ್ಬಿಡು" ಎಂದರು.

ಕಾನ್ವೆಂಟಿನ ಮಾತು ನಿಜ. ನಮ್ಮ ಶಾಲೆಯ ಹಾಲಿನಲ್ಲಿ ಒಂದು ಪಿಯಾನೋ ಇತ್ತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕಂಟೋನ್ಮೆಂಟ್ ಕಡೆಯಿಂದ ಟೋಪಿ ಹಾಕಿಕೊಂಡ ಒಬ್ಬರು ಬಂದು, ಬಾಗಿಲು ಹಾಕಿಕೊಂಡು, ಅದನ್ನು ಸರಿಮಾಡಿ ಹೋಗುತ್ತಿದ್ದರು. ಆಮೇಲೆ ಸಿಸ್ಟರ್ ನುಡಿಸಿದರೂ ಅದೇ ಸ್ವರ, ನಾವು ಕದ್ದು ಒತ್ತಿದರೂ ಅದೇ ಸ್ವರ. ವಾದ್ಯ ಎಂದರೆ ಅಷ್ಟೇ, ಸರಿಯಾಗಿರುತ್ತದೆ ಇಲ್ಲವೇ ಕೆಟ್ಟಿರುತ್ತದೆ ಎಂದು ನಾನು ತಿಳಿದಿದ್ದೆ. ಆದ್ದರಿಂದ ಇವರು ವೀಣೆಯನ್ನು ಚಾಪೆಯ ಮೇಲೆ ಮಲಗಿಸಿಕೊಂಡು, ಕೆಲಸ ಶುರುಮಾಡುವ ಮುಂಚೆ, ಮನೆಯಲ್ಲಿ ಎಲ್ಲರಿಗೂ ಉತ್ತರ ಗೊತ್ತಿದ್ದರೂ ಕೇಳುತ್ತಿದ್ದ ಪ್ರಶ್ನೆ ನನಗೆ ವಿಚಿತ್ರವಾಗಿ ಕೇಳಿಸಿತ್ತು.

"ಯಾರ ಕಿವಿಗೆ ಕಟ್ಲಿ?"

"ನನ್ನ ಕಿವಿಗೇ ಕಟ್ಟಪ್ಪಾ" ಎನ್ನುತ್ತಿದ್ದರು ನಮ್ಮತ್ತೆ. ಆಮೇಲೆ ಅವರ ಎದುರಿಗೆ ಗೋಡೆಗೊರಗಿ ಕೂತು ಕಣ್ಣು ಮುಚ್ಚುತ್ತಿದ್ದರು.

ಕಿವಿಯ ಯಜಮಾನರು ಎದುರಿಗೆ ಕೂರದೆ ಅವರು ಮೇಳ ಕಟ್ಟುತ್ತಿರಲಿಲ್ಲ. ಯಾರೋ ದೊಡ್ಡ ವಿದ್ವಾಂಸರು ವೀಣೆಯನ್ನು ಡ್ರೈವರ್ ಕೈಯಲ್ಲಿ ಕಳಿಸಿದ್ದರಂತೆ. "ಡ್ರೈವರ್ ಕಿವಿಗೆ ಕಟ್ಟಿಕೊಡ್ಲಾ ಅಂತ ಕೇಳಿ ಕಳಿಸ್ದೆ. ಮಾರನೇ ದಿನ ಅವ್ರೇ ಬಂದ್ರು" ಎಂದು ಹೇಳಿಕೊಳ್ಳುವಾಗ ಆ ಕಪ್ಪು ಮೀಸೆ ಸ್ವಲ್ಪ ಕುಣಿಯುತ್ತಿತ್ತು. ಅವರಿಗೆ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಒಬ್ಬೊಬ್ಬ ಮನುಷ್ಯರಂತೆ ಮಾತಾಡಿಸುತ್ತಿದ್ದರು. ಈ ನಿಷಾದ ಜಗಳಗಂಟಿ, ಯಾರ ಪಕ್ಕದಲ್ಲೂ ಕೂರಲ್ಲ. ಈ ಪಂಚಮ ನಮ್ಮ ಮಿಲ್ ಮೇಸ್ತ್ರಿ ಇದ್ದಂಗೆ, ಜರುಗು ಅಂದ್ರೆ ಜರುಗಲ್ಲ. ಅವರ ಹತ್ತಿರ ಒಂದು ಹಳೆಯ ಕಬ್ಬಿಣದ ಕಡ್ಡಿ ಇತ್ತು, ಮಿಲ್ಲಿನ ಮಗ್ಗದ್ದಂತೆ. ಅದನ್ನು ನನ್ನ ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಮೇಣಕ್ಕೆ ಮುಟ್ಟಿಸಿ, ಅದು ಮೆತ್ತಗಾಗುವಷ್ಟರಲ್ಲಿ ಮೆಟ್ಟಿಲನ್ನು ಹೆಬ್ಬೆರಳಿನಿಂದ ಸರಿಸಿ ತಂತಿ ಮೀಟುತ್ತಿದ್ದರು. ಸರಿಸಿ ಮೀಟುತ್ತಿದ್ದರು. ಮತ್ತೆ ಸರಿಸಿ ಮೀಟುತ್ತಿದ್ದರು. ನಮ್ಮತ್ತೆ ಮೇಲೆ ಎನ್ನುತ್ತಿರಲಿಲ್ಲ, ಕೆಳಗೆ ಎನ್ನುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಬಂದಾಗ ಗಂಟಲಿನಲ್ಲೇ "ಹೂಂ" ಎನ್ನುತ್ತಿದ್ದರು. ಮಗುವನ್ನು ತಟ್ಟುತ್ತಾ ತಾವೇ ನಿದ್ದೆ ಹೋಗುವ ತಾಯಂದಿರು ಎನ್ನುತ್ತಾರಲ್ಲ, ಅಂಥ ಒಂದು ಹೂಂ. ಅಲ್ಲಿಗೆ ಆ ಮೆಟ್ಟಿಲು ಮುಗಿಯಿತು.

ಗಾಂಧಾರ ಮಾತ್ರ ತುಂಬ ಹೊತ್ತು ಹಿಡಿಯುತ್ತಿತ್ತು. ನಮ್ಮತ್ತೆಗೆ ಅದು ಎಲ್ಲರಿಗಿಂತ ಒಂದೆಳೆ ಕೆಳಗೆ ಬೇಕು. "ಅಮ್ಮಾವ್ರ ಗಾಂಧಾರ ಹಂಗೇ. ಈಗ ತಾನೇ ನಿದ್ದೆಯಿಂದ ಎದ್ದಿರೋ ಮಗು ಥರ. ಪೂರ್ತಿ ಎಬ್ಬಿಸಬಾರ್ದು" ಎಂದು ಅವರು ದನಿ ತಗ್ಗಿಸಿ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತ್ತು. ನನಗೆ ಎಲ್ಲವೂ ಕೇಳಿಸುತ್ತಿದ್ದದ್ದು ಅಲ್ಲಿಂದಲೇ. ಒಲೆಯ ಪಕ್ಕದ ಕಟ್ಟೆ, ಕಿಟಕಿಯ ಜಾಲರಿಯಿಂದ ಬೀಳುವ ಬಿಸಿಲಿನ ಚೌಕಗಳು, ಕೈಯಲ್ಲಿ ಬಿಡಿಸುವ ಬೆಳ್ಳುಳ್ಳಿ, ಬೆನ್ನ ಹಿಂದೆ ವೀಣೆ. ಮೇಣ ಕಾಯುವಾಗ ಜೇನು, ಹೊಗೆ, ದೇವರಮನೆ ಮೂರೂ ಕಲಸಿದ ಒಂದು ವಾಸನೆ ಬರುತ್ತಿತ್ತು. ಎರಡು ದಿನ ಸಾರಿನಲ್ಲೂ ಅದೇ ವಾಸನೆ.

ಮೇಳ ಕಟ್ಟಿ ಮುಗಿದ ಮೇಲೆ ಅವರು ಊಟ ಮಾಡಿ ವೀಣೆಯ ಪಕ್ಕದಲ್ಲೇ ಟವಲು ಹಾಸಿ ಮಲಗುತ್ತಿದ್ದರು. "ಮೇಣ ಆರೋವರ್ಗೂ ಮನುಷ್ಯ ಮಲಗ್ಬೇಕು ತಾಯಿ. ಎದ್ದಿದ್ರೆ ಕೈ ಸುಮ್ನಿರಲ್ಲ, ಮುಟ್ಟಿ ಕೆಡಿಸ್ತದೆ" ಎನ್ನುತ್ತಿದ್ದರು. ಆ ಮಧ್ಯಾಹ್ನಗಳಲ್ಲಿ ಮನೆಯೇ ಮಲಗಿದಂತಿರುತ್ತಿತ್ತು. ವೀಣೆ, ಅವರು, ಗೋಡೆಗೊರಗಿದ ನಮ್ಮತ್ತೆ. ನಾನು ಲೋಟ ತೊಳೆಯಲೂ ಅಂಜಿ, ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಅವರ ಲೋಟದ ಮೇಲೆ ಯಾವಾಗಲೂ ಐದು ಬೆರಳಿನ ಕಪ್ಪು ಗುರುತು.

ನಮ್ಮತ್ತೆ ಅಕ್ಕಪಕ್ಕದ ಹುಡುಗಿಯರಿಗೆ ವೀಣೆ ಪಾಠ ಹೇಳುತ್ತಿದ್ದರು. ಸಂಜೆ ನಾಲ್ಕಕ್ಕೆ ಹುಡುಗಿಯರು ಚಪ್ಪಲಿ ಬಿಡುವ ಮೊದಲೇ ಅವರು ಶ್ರುತಿ ಮಾಡಿಕೊಂಡು, ಒಂದು ಸಲ ಮೇಲಕ್ಕೆ ಒಂದು ಸಲ ಕೆಳಕ್ಕೆ ಸ್ವರಗಳನ್ನು ನುಡಿಸಿ ನೋಡುತ್ತಿದ್ದರು. ಪಕ್ಕದ ಮನೆಯ ಜಯಮ್ಮನವರಿಗೆ ಅದೇ ಗಡಿಯಾರ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಕಾಫಿಗೆ ಹಾಲಿಡುತ್ತಿದ್ದದ್ದು ಆ ಸದ್ದಿಗೆ. ನನಗೂ ಕಲಿಸುತ್ತೇನೆಂದು ನಮ್ಮತ್ತೆ ಒಂದೆರಡು ಸಲ ಕೂರಿಸಿದರು. ಶಾಲೆಯಲ್ಲಿ ಗುಂಪಿನಲ್ಲಿ ನಿಂತು ಹಾಡಿ ಅಭ್ಯಾಸವಾಗಿದ್ದ ನನಗೆ ಬೆರಳೂ ಬಾಗಲಿಲ್ಲ, ಗಮಕವೂ ಬರಲಿಲ್ಲ. "ನಿಂದು ಇಂಗ್ಲಿಷ್ ಕಿವಿ ಕಣೇ" ಎಂದು ನಕ್ಕು, ಹೋಗಿ ಕಾಫಿ ಮಾಡು ಎಂದರು. ಬೇಸರವೇನೂ ಆಗಲಿಲ್ಲ. ಸಂಗೀತ ಅವರದು, ಅಡುಗೆಮನೆ ನನ್ನದು ಎಂದು ಮನೆ ಹಂಚಿಕೆಯಾಗಿಬಿಟ್ಟಿತು.

ನಮ್ಮತ್ತೆ ತೀರಿಹೋದ ಮೇಲೆ ವೀಣೆ ಹಾಲಿನ ಮೂಲೆಯಲ್ಲಿ, ಹಸಿರು ಗವಸಿನೊಳಗೆ ಇತ್ತು. ನಮ್ಮನೆಯವರು ಮಾತಿನ ಮನುಷ್ಯರಲ್ಲ. ಆದರೆ ಕೆಲವು ಸಂಜೆ ಗವಸು ಸ್ವಲ್ಪ ಸರಿಸಿ, ಆ ಗಾಂಧಾರ ಒಂದನ್ನೇ ಮೀಟಿ, ಮತ್ತೆ ಮುಚ್ಚುವುದನ್ನು ಕಂಡಿದ್ದೇನೆ. ಅಮ್ಮನ ದನಿ ಯಾವ ಫೋನಿನಲ್ಲೂ ಉಳಿದಿರಲಿಲ್ಲ. ಉಳಿದದ್ದು ಆ ಮೇಣದೊಳಗಿನದು ಮಾತ್ರ.

ಹಾಗಿರುವಾಗ ಹೋದ ಬೇಸಿಗೆಯಲ್ಲಿ ನಾನು ಮಹಾಲಕ್ಷ್ಮಿ ಲೇಔಟಿನ ಅಕ್ಕನ ಮನೆಗೆ ಹೋಗಿದ್ದ ದಿನ, ನಮ್ಮನೆಯವರು ಗವಸಿನಲ್ಲಿ ಬೂಷ್ಟು ಹಿಡಿದಿರುವುದನ್ನು ನೋಡಿದರು. ವೀಣೆಗೂ ಹಿಡಿಯಬಾರದೆಂದು ಮಹಡಿಯ ಮೇಲೆ ತೆಗೆದುಕೊಂಡು ಹೋಗಿ, ನಾನು ಒಣಹಾಕಿದ್ದ ಹಪ್ಪಳಗಳ ಪಕ್ಕದಲ್ಲಿ, ಅದೇ ಹಳೇ ಸೀರೆಯ ಮೇಲೆ, ಬಿಸಿಲಿಗೆ ಮಲಗಿಸಿದರು. ಹಪ್ಪಳ ಚೆನ್ನಾಗಿ ಒಣಗಿತ್ತು. ನಾನು ಬರುವಷ್ಟರಲ್ಲಿ ಮೇಣ ಇಳಿದು, ಮೆಟ್ಟಿಲುಗಳೆಲ್ಲ ಬಸ್ಸಿನಲ್ಲಿ ನಿದ್ದೆ ಹೋದವರಂತೆ ಒಂದರ ಮೇಲೊಂದು ವಾಲಿದ್ದವು.

ಮಾರನೆಯ ದಿನ ನಮ್ಮನೆಯವರು ಫೋನಿನಲ್ಲಿ ಸ್ವರ ತೋರಿಸುವ ಆ್ಯಪ್ ಹಾಕಿಕೊಂಡು, ನನ್ನ ಹೇರ್ ಡ್ರೈಯರ್ ಹಿಡಿದು, ಹಾಲಿನಲ್ಲಿ ಕೂತರು. ಆ್ಯಪಿನ ಹಸಿರು ದೀಪ ಹತ್ತುವವರೆಗೆ ಒಂದೊಂದೇ ಮೆಟ್ಟಿಲನ್ನು ತಳ್ಳಿದರು. ಎಲ್ಲ ಹಸಿರಾಯಿತು. ಮೇಲಿಂದ ಕೆಳಗಿನವರೆಗೆ ಮೀಟಿದರು. ಒಂದು ಸ್ವರವೂ ತಪ್ಪಿರಲಿಲ್ಲ. ಜಯಮ್ಮನವರು ಗೋಡೆಯಾಚೆಯಿಂದ, "ಏನ್ರೀ, ಕೀಬೋರ್ಡ್ ತಂದ್ರಾ?" ಎಂದು ಕೇಳಿದರು. ನಮ್ಮನೆಯವರು ವೀಣೆಗೆ ಗವಸು ಹಾಕಿ ಕಟ್ಟಿದವರು ಮತ್ತೆ ಬಿಚ್ಚಲಿಲ್ಲ. "ಗೋಡೆಗೆ ಹಾಕಿಸಿಬಿಡೋಣ ಬಿಡು, ಶೋಗೆ ಇರತ್ತೆ" ಎಂದರು ಒಂದು ರಾತ್ರಿ ಊಟದ ತಟ್ಟೆಯನ್ನೇ ನೋಡುತ್ತಾ.

ಮೇಳ ಕಟ್ಟುವವರನ್ನು ಹುಡುಕಲು ತಿಂಗಳುಗಳೇ ಹಿಡಿದವು. ಬಿನ್ನಿಪೇಟೆಯ ಅವರ ವಠಾರ ಇದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿತ್ತು. ನವರಾತ್ರಿಯ ಬೊಂಬೆಗಳ ಪಕ್ಕದಲ್ಲಿ ವೀಣೆ ಗವಸು ತೆಗೆಯದೇ ಕೂತು ಹಬ್ಬ ಮುಗಿಯಿತು. ಕೊನೆಗೆ ನಮ್ಮತ್ತೆಯ ಹಳೆಯ ಶಿಷ್ಯೆಯೊಬ್ಬಳು ಚಂದ್ರಾ ಲೇಔಟಿನಲ್ಲಿರುವ ಅವರ ಮಗಳ ಮನೆಯ ನಂಬರು ಕೊಟ್ಟಳು. "ಈಗ ಕೆಲಸ ಬಿಟ್ಟಿದೀನಿ ತಾಯಿ, ಕೈ ಬಿಸಿ ತಡೆಯಲ್ಲ" ಎಂದರು ಫೋನಿನಲ್ಲಿ. ನಾನು ಹಪ್ಪಳದ ಕಥೆ ಹೇಳಿದೆ. "ಅಮ್ಮಾವ್ರ ವೀಣೆನಾ?" ಎಂದರು. "ಗುರುವಾರ ಬರ್ತೀನಿ."

ಗುರುವಾರವೇ ಬಂದರು. ಆಟೋ ಇಳಿದು, ಗೇಟಿನ ಸರಳು ಹಿಡಿದುಕೊಂಡು ಸ್ವಲ್ಪ ಸುಧಾರಿಸಿಕೊಂಡರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅಂಗಿ ಮಾತ್ರ ಅದೇ ಮಡಿಕೆ. ಹತ್ತಿ ತೆಗೆದು, ಗೋಡೆಯ ಮೇಲಿಟ್ಟು, ಕಲ್ಲು ಹೇರಿ, ನಿಂತರು. ಈ ಸಲ ತುಂಬ ಹೊತ್ತು ನಿಂತರು. ಬಾಗಿಲು ತಟ್ಟಿದರು, ಆದರೆ ತೇಗದ ಮಾತು ಆಡಲಿಲ್ಲ.

ಗವಸು ಬಿಚ್ಚಿ, ಹೇರ್ ಡ್ರೈಯರಿನ ಬಿಸಿಗೆ ಹಪ್ಪಳದಂತೆಯೇ ಗುಳ್ಳೆ ಎದ್ದಿದ್ದ ಮೇಣವನ್ನು ಬೆರಳಿನಿಂದ ಸವರಿದರು.

"ಬಿಸಿಲಿಗಿಟ್ಟಿದ್ದು ಯಾರು ಸಾರ್?"

"ನಾನೇ" ಎಂದರು ನಮ್ಮನೆಯವರು.

"ಹಪ್ಪಳ ಹೆಂಗಾಗಿತ್ತು?"

ನಮ್ಮನೆಯವರ ಮುಖದಲ್ಲಿ ಆ ಬೇಸಿಗೆಯಿಂದೀಚೆಗೆ ನಾನು ಕಾಣದಿದ್ದ ನಗು ಒಂದು ಬಂದು ಹೋಯಿತು. "ಚೆನ್ನಾಗೇ ಆಗಿತ್ತು."

"ಮತ್ತೆ ಅರ್ಧ ಕೆಲಸ ಸರಿಯಾಗೇ ಮಾಡಿದೀರಿ ಬಿಡಿ" ಎಂದು ಅವರು ಹಳೆಯ ಮೇಣ ಕೆರೆಯತೊಡಗಿದರು. ಕೆರೆದು, ಒರೆಸಿ, ಹೊಸ ಮೇಣದ ಸಾಲು ಕೂರಿಸಿ, ಕಡ್ಡಿ ಕಾಯಲು ಕಳಿಸುವ ಮುಂಚೆ ತಲೆ ಎತ್ತಿದರು.

"ಯಾರ ಕಿವಿಗೆ ಕಟ್ಲಿ?"

ಗೋಡೆಗೊರಗಿ ನಮ್ಮತ್ತೆ ಕೂರುತ್ತಿದ್ದ ಜಾಗದಲ್ಲಿ ಸುಣ್ಣ ಸ್ವಲ್ಪ ಸವೆದಿದೆ, ತಲೆಯ ಎತ್ತರದಲ್ಲಿ. ಮೂವರೂ ಅದನ್ನೇ ನೋಡಿದೆವು.

"ನನಗೆ ಅಮ್ಮನ ಹಾಗೇ ಬೇಕು" ಎಂದರು ನಮ್ಮನೆಯವರು. "ಆದ್ರೆ ಎಲ್ಲಿ ಅಂತ ನನಗೆ ಹೇಳಕ್ಕಾಗಲ್ಲ. ನಿಮಗೆ ನೆನಪಿರಬೇಕಲ್ಲ, ಎಷ್ಟು ಸಲ ಕಟ್ಟಿದೀರಿ."

"ನಾನು ಕಟ್ಟೋನು ಸಾರ್. ಮನೆ ಬಿಟ್ಮೇಲೆ ಇನ್ನೊಂದು ಮನೆ, ಇನ್ನೊಂದು ಕಿವಿ. ಒಂದನ್ನ ಇಟ್ಕೊಂಡ್ರೆ ಇನ್ನೊಂದು ಕಟ್ಟಕ್ಕಾಗಲ್ಲ. ಎಲ್ಲ ಗೇಟಲ್ಲೇ ಬಿಟ್ಟು ಹೋಗ್ತಿದ್ದೆ."

"ಹಾಗಾದ್ರೆ ಆ್ಯಪ್ ಇಟ್ಟು..."

"ಆ್ಯಪ್ ಕಿವಿಗೆ ಕಟ್ತೀನಿ ಬೇಕಾದ್ರೆ. ಆಮೇಲೆ ಅದರ ಕೈಲೇ ನುಡಿಸಿ."

ಅವರು ಅದನ್ನು ಕೊಂಕಾಗಿ ಹೇಳಲಿಲ್ಲ, ಸುಸ್ತಾದ ದನಿಯಲ್ಲಿ ಹೇಳಿದರು. ಕಡ್ಡಿಯನ್ನು ಕೆಳಗಿಟ್ಟರು. ನಮ್ಮನೆಯವರು ಫೋನನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು. ಮತ್ತೆ ಗೋಡೆಗೆ ಹಾಕಿಸುವ ಮಾತೇ ಬರುತ್ತದೆ ಎಂದು ನನಗೆ ಗೊತ್ತಾಯಿತು. ಹಾಗೆ ಹಾಕಿಸಿದ ವೀಣೆಯನ್ನು ದಿನಾ ಧೂಳು ಒರೆಸುವವಳು ನಾನೇ ಎಂಬುದೂ ಹೊಳೆಯಿತು.

"ತಾಯಿ" ಎಂದರು ಅವರು. "ನೀವು ಕೂತ್ಕೊಳ್ಳಿ."

"ನಾನಾ? ನನಗೆ ಸರಿಗಮ ಕೂಡ ನೆಟ್ಟಗೆ ಬರಲ್ಲ ಯಜಮಾನ್ರೇ. ಕಿವಿ ಇಂಗ್ಲಿಷು ಅಂತ ಅತ್ತೆನೇ ಹೇಳಿದಾರೆ."

ಆದರೂ ಹೋಗಿ ಗೋಡೆಗೊರಗಿ ಕೂತೆ. ಅವರು ಮೊದಲ ಮೆಟ್ಟಿಲು ಸರಿಸಿ ಮೀಟಿದರು. ನನಗೆ ಏನೂ ತಿಳಿಯಲಿಲ್ಲ. ಮತ್ತೆ ಮೀಟಿದರು. ಪರೀಕ್ಷೆಗೆ ಓದದೆ ಬಂದ ಹುಡುಗಿಯಂತೆ ಅವರ ಮುಖವನ್ನೇ ನೋಡಿದೆ.

ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ತಪ್ಪು ನಂದೇ" ಎಂದರು. "ನೀವು ಇಲ್ಲಿ ಯಾವತ್ತು ಕೂತಿದ್ರಿ? ಹೋಗಿ, ನಿಮ್ಮ ಕೆಲಸ ಮಾಡ್ಕೊಳ್ಳಿ ಒಳಗೆ. ಕಾಳು ಹಿತುಕೋದಿದೆಯಲ್ಲ."

ಬೈಸಿಕೊಂಡವಳಂತೆ ಎದ್ದು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದ ಕಟ್ಟೆಗೆ ಒರಗಿ, ಹಾಲಿಗೆ ಬೆನ್ನು ಹಾಕಿ, ಅವರೆಕಾಳಿನ ಪಾತ್ರೆ ಎಳೆದುಕೊಂಡೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಬೆನ್ನ ಹಿಂದೆ ಅವರು ಮೀಟುತ್ತಿದ್ದರು. ಜಾಲರಿಯಿಂದ ಬಿಸಿಲಿನ ಚೌಕಗಳು ಸಿಪ್ಪೆಗಳ ಮೇಲೆ ಬಿದ್ದಿದ್ದವು. ಮೇಣದ ವಾಸನೆ ಬಂತು. ಸರಿಸಿ ಮೀಟುವುದು, ಸರಿಸಿ ಮೀಟುವುದು. ಯಾವ ವರ್ಷವೋ ಗೊತ್ತಾಗದಂಥ ಒಂದು ಬೆಳಗು. ಆಮೇಲೆ ಯಾರೋ "ಹೂಂ" ಎಂದರು.

ಅದು ನಾನೇ ಅಂದದ್ದು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿರುಗಿ ನೋಡಿದೆ. ನಮ್ಮನೆಯವರು ಕಿಟಕಿಯಿಂದ ಇತ್ತ ತಿರುಗಿ, ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡುತ್ತಿದ್ದರು. ಚಾಪೆಯ ಮೇಲಿದ್ದವರು ತಲೆ ಎತ್ತಲೇ ಇಲ್ಲ. ಕಾದ ಕಡ್ಡಿ ಮುಟ್ಟಿಸಿ, ಆ ಮೆಟ್ಟಿಲನ್ನು ಒತ್ತಿ ಕೂರಿಸಿ, ಮುಂದಿನದಕ್ಕೆ ಕೈಹಾಕಿದರು.

"ತಿರುಗಬೇಡಿ ತಾಯಿ. ಕಾಳು ನೋಡ್ಕೊ..." ಎಂದು, ಪೂರ್ತಿ ಹೇಳದೆ ಬಿಟ್ಟರು.

ತಿರುಗಲಿಲ್ಲ. ಕಾಯಬಾರದು, ಕಿವಿಗೊಡಬಾರದು ಎಂದು ನನಗೇ ಅರ್ಥವಾಗಿತ್ತು. ಬೇಕೆಂದು ಕೇಳಿದರೆ ಏನೂ ಸಿಗುತ್ತಿರಲಿಲ್ಲ. ಸಾರಿಗೆ ಹುಣಸೆ ಸಾಕೋ ಬೇಕೋ, ಮಧ್ಯಾಹ್ನ ನೀರು ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದಾಗ ಗಂಟಲು ತಾನಾಗಿ ಹೂಂ ಎನ್ನುತ್ತಿತ್ತು. ಒಂದು ಸಲ ಕಾಳು ಕೈಯಿಂದ ಜಾರಿ ಒಲೆಯ ಹಿಂದೆ ಹೋಯಿತು. ಅದನ್ನು ಹುಡುಕುತ್ತಲೇ ಹೂಂ ಎಂದೆ.

ಗಾಂಧಾರ ಬಂದಾಗ ಅವರು ಒಂದು ಕಡೆ ನಿಲ್ಲಿಸಿದರು. ಬಹಳ ಚೆಂದವಿತ್ತು. ನನ್ನ ಗಂಟಲು ಸುಮ್ಮನಿತ್ತು. ಇನ್ನೂ ಒಂದೆಳೆ ಸರಿಸಿದರು. ಸುಮ್ಮನಿತ್ತು. ಸ್ವಲ್ಪ ಹಿಂದಕ್ಕೆ. ಅವರೂ ಸುಸ್ತಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಬೆರಳು ಸುಟ್ಟಿತೆಂದು ಕಾಣುತ್ತದೆ, ಬಾಯಲ್ಲಿಟ್ಟು ಚೀಪಿದ ಸದ್ದು ಬಂತು. ಮತ್ತೆ ಮೀಟಿದಾಗ, ಯಾವುದೋ ಕೋಣೆಯಲ್ಲಿ ಮಗು ಎದ್ದು, ಅಳದೆ, ಸೂರು ನೋಡುತ್ತಾ ಮಲಗಿದೆ ಅನ್ನಿಸಿತು. ನಾನು ಹೂಂ ಎಂದೆನೋ, ಅಥವಾ ನಮ್ಮನೆಯವರು ಎಂದರೋ, ಈಗಲೂ ಖಚಿತವಾಗಿ ಹೇಳಲಾರೆ.

ಹಿತುಕಿದ ಬೇಳೆ ಸಾರು, ಅನ್ನ, ಹಪ್ಪಳ ಬಡಿಸಿದೆ. ಹಪ್ಪಳ ಮುರಿದು, "ಇದೇನಾ ಜೊತೆಗಾರ?" ಎಂದು ಕೇಳಿ ತಿಂದರು. ಟವಲು ಹಾಸಿ ಮಲಗಿದರು. ಆದರೆ ಎಂದಿನಂತೆ ಗೊರಕೆ ಇಲ್ಲ. ಕಣ್ಣು ತೆರೆದುಕೊಂಡೇ ಇದ್ದರು. ಮೇಣ ಆರಿದ ಮೇಲೆ ಎದ್ದು ಕೂತು, ಶ್ರುತಿ ಮಾಡಿ, ನಮ್ಮತ್ತೆ ಪಾಠಕ್ಕೆ ಮುಂಚೆ ನೋಡುತ್ತಿದ್ದ ಹಾಗೆಯೇ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ನುಡಿಸಿದರು. ಅಷ್ಟೇ. ಅವರಿಗೆ ಹಾಡು ನುಡಿಸಲು ಬರುತ್ತಿರಲಿಲ್ಲ, ಅಥವಾ ನಮ್ಮ ಮುಂದೆ ಎಂದೂ ನುಡಿಸಲಿಲ್ಲ. ನಮ್ಮನೆಯವರು ಎದ್ದು ಬಚ್ಚಲುಮನೆಗೆ ಹೋಗಿ, ಬೇಕಿಲ್ಲದಿದ್ದರೂ ಮುಖ ತೊಳೆದುಕೊಂಡು ಬಂದರು.

"ಇದೇ ಕೊನೇದು ತಾಯಿ" ಎಂದರು ಹೊರಡುವಾಗ, ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತುತ್ತಾ. "ಇನ್ಮೇಲೆ ಯಾರಾದ್ರೂ ಕಟ್ಟೋರು ಬಂದ್ರೆ, ನಿಮ್ಮನ್ನ ಹಾಲಲ್ಲಿ ಕೂರಿಸೋಕೆ ಬಿಡ್ಬೇಡಿ."

ಆಟೋವರೆಗೆ ನಮ್ಮನೆಯವರು ಕೈ ಹಿಡಿದು ಕರೆದುಕೊಂಡು ಹೋದರು. ಗೇಟಿನ ಹತ್ತಿರ ಅವರಿಬ್ಬರೂ ಏನೋ ಮಾತಾಡಿಕೊಂಡು ನಕ್ಕದ್ದು ಕೇಳಿಸಿತು. ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಜೆ ತುಳಸಿಗೆ ದೀಪ ಹಚ್ಚಲು ಹೊರಗೆ ಬಂದಾಗ ನೋಡಿದೆ: ಕಾಂಪೌಂಡ್ ಗೋಡೆಯ ಮೇಲೆ, ಕಲ್ಲಿನ ಕೆಳಗೆ, ಎರಡೂ ಹತ್ತಿಯ ಉಂಡೆಗಳು ಹಾಗೇ ಇದ್ದವು. ಮರೆತರೋ, ಬಿಟ್ಟುಹೋದರೋ. ರಾಜಾಜಿನಗರದಿಂದ ಚಂದ್ರಾ ಲೇಔಟಿನವರೆಗೆ, ಅಷ್ಟು ಬಸ್ಸು, ಅಷ್ಟು ಹಾರ್ನು, ಆ ಮನುಷ್ಯ ತೆರೆದ ಕಿವಿಯಲ್ಲೇ ಹೋಗಿದ್ದರು. ಕಲ್ಲನ್ನು ಎತ್ತದೆ ಅಲ್ಲೇ ನಿಂತಿದ್ದೆ.

ಗೋಡೆಯಾಚೆ ಜಯಮ್ಮನವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕ್ಲಿಪ್ಪೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದವರು ಅದನ್ನು ತೆಗೆದು, "ನಿಮ್ಮನೇಲಿ ಕರಿಬೇವು ಇದ್ರೆ ಎರಡು ಎಸಳು ಕೊಡಿ ಆಮೇಲೆ" ಎಂದರು. ಮತ್ತೆ, ಸೀರೆಯ ಅಂಚುಗಳನ್ನು ಕೂಡಿಸಿ ಮಡಚುತ್ತಾ, ಹೀಗೇ ಎಂಬಂತೆ ಹೇಳಿದರು:

"ಇವತ್ತೊಂದು ತಮಾಷೆ ಆಯ್ತು ನೋಡಿ. ಮಲಗಿದ್ನಾ, ನಿಮ್ಮತ್ತೆ ಶ್ರುತಿ ಮಾಡ್ಕೊಂಡ್ರಲ್ಲ, ನಾಲ್ಕಾಯ್ತು ಅಂತ ಎದ್ದು ಕಾಫಿಗೆ ಹಾಲಿಟ್ಟುಬಿಟ್ಟೆ. ಉಕ್ಕಿದ ಮೇಲೆ ಗಡಿಯಾರ ನೋಡಿದ್ರೆ ಇನ್ನೂ ಎರಡೂವರೆ."